ಮಾವನ ಮೂಗು ಮತ್ತು ನನ್ನ ಮೇಣದಬತ್ತಿ

ಗ್ರಾಬ್ಲ್ಯೆ, ಹ್ವಾರ್ ದ್ವೀಪ
ಏಪ್ರಿಲ್ ೧೯, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ವಿಸ್ಕೊ,

ಹೇಗಿದ್ದೀಯ? ಸೊಂಟನೋವು ಈಗ ಹೇಗಿದೆ? ಎಂಜಿನ್ ಕೋಣೆಯ ಕಾವಿನಿಂದ ಬೆವೆತುಕೊಂಡೇ ಮೇಲೆ ಬಂದು ಗಾಳಿಗೆ ನಿಲ್ಲುತ್ತೀಯಲ್ಲ, ಆ ಚಾಳಿ ಬಿಟ್ಟೆಯೋ ಇಲ್ಲವೋ? ನಾನು ಹೆಣೆದುಕೊಟ್ಟ ಉಣ್ಣೆಪಟ್ಟಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದೀಯ ತಾನೆ? ಪೆಟ್ಟಿಗೆಯ ತಳದಲ್ಲಿ ಮಡಿಸಿದಂತೆಯೇ ಇದ್ದರೆ ಈಗಲೇ ತೆಗೆದು ಕಟ್ಟಿಕೋ, ಆಮೇಲೆ ಮುಂದೆ ಓದು. ನಾವಿಲ್ಲಿ ಚೆನ್ನಾಗಿದ್ದೇವೆ. ನಿನ್ನ ಅಪ್ಪನೂ ಚೆನ್ನಾಗಿದ್ದಾರೆ. ಇದನ್ನು ಇವತ್ತು ಸುಳ್ಳಿಲ್ಲದೆ ಬರೆಯುತ್ತಿದ್ದೇನೆ. ಮಾರ್ಚ್‌ನಿಂದ ಫೋನಿನಲ್ಲಿ ಪ್ರತಿಸಲ ಹೇಳಿದ್ದು ಅರ್ಧ ಸುಳ್ಳು. ನಿಜ ಹೇಳೋಣವೆಂದರೆ ನೀನು ಫೋನು ಮಾಡಿದಾಗಲೆಲ್ಲ ಅವರು ನನ್ನ ಮಗ್ಗುಲಲ್ಲೇ ಕುರ್ಚಿ ಎಳೆದುಕೊಂಡು ಕೂತಿರುತ್ತಿದ್ದರು. ಅದಕ್ಕೇ ಕಾಗದ. ನಾಳೆ ನಮ್ಮೂರ ಹುಡುಗ ಆಂಟೆ ನಿಮ್ಮ ಹಡಗು ಹತ್ತಲು ಹೊರಡುತ್ತಾನಂತೆ, ಅವನ ಕೈಯಲ್ಲೇ ಕಳಿಸುತ್ತೇನೆ.

ಫೆಬ್ರವರಿಯಲ್ಲಿ ನಾನು ಮೇಣದಬತ್ತಿ ಮಾಡಲು ಶುರುಮಾಡಿದ್ದು ನಿನಗೆ ಗೊತ್ತು. ಒಣ ಲ್ಯಾವೆಂಡರ್ ಹೂವಿನ ಪುಟ್ಟ ಚೀಲಗಳನ್ನು ಹೊಲಿದು ಹೊಲಿದು ನನ್ನ ಬೆರಳು ಜರಡಿಯಾಗಿತ್ತು, ಬೇಸಿಗೆಗೆ ಬರುವ ಜನ ಅದನ್ನು ಮೂಸಿ ಅಲ್ಲೇ ಇಟ್ಟು ಹೋಗುತ್ತಿದ್ದರು. ಲ್ಯಾವೆಂಡರ್ ಎಣ್ಣೆ ಬೆರೆಸಿದ ಮೇಣದಬತ್ತಿಯಾದರೆ ಹಚ್ಚಿದ ಮನೆಯೆಲ್ಲ ಘಮ್ ಎನ್ನುತ್ತದೆ, ಯಾರು ಬೇಡವೆಂದಾರು ಅಂದುಕೊಂಡೆ. ಸೋಯಾ ಮೇಣ ತರಿಸಿದೆ, ಸಾಸಿವೆಯ ಖಾಲಿ ಗಾಜಿನ ಲೋಟಗಳನ್ನೆಲ್ಲ ತೊಳೆದಿಟ್ಟೆ. ಮೊದಲ ಹನ್ನೆರಡು ಎರಕ ಹೊಯ್ದು ಆರಿಸಿ ಮೂಸಿದರೆ, ಆಹಾ, ಜೂನ್ ತಿಂಗಳ ಬೆಟ್ಟವೇ ಲೋಟಕ್ಕಿಳಿದ ಹಾಗಿತ್ತು! ಹೆಮ್ಮೆಯಿಂದ ಪಕ್ಕದ ಮನೆಯ ಪೆರಿನಾ ಚಿಕ್ಕಮ್ಮನನ್ನು ಕರೆದು ಕೂರಿಸಿ ಒಂದನ್ನು ಹಚ್ಚಿದೆ. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು, ವಾಸನೆಯ ಸುಳಿವೇ ಇಲ್ಲ. ಚಿಕ್ಕಮ್ಮನ ಬಾಯಿ ನಿನಗೆ ಗೊತ್ತಲ್ಲ. "ಚೆನ್ನಾಗಿದೆ ಕಣೇ ವಿಂಕಾ, ಕರೆಂಟು ಹೋದಾಗ ಬೇಕಾಗುತ್ತೆ" ಅಂದಳು. ನನಗೆ ರೋಷ ಬಂತು. ಮುಂದಿನ ಸಲ ಎಣ್ಣೆ ಎರಡರಷ್ಟು ಸುರಿದೆ. ಅದು ಮೇಣದೊಳಗೆ ನಿಲ್ಲದೆ ಮೇಲೆಲ್ಲ ಬೆವರಿತು. ಹಚ್ಚಿದರೆ ಚಟಪಟ ಸಿಡಿದು ಕಪ್ಪು ಹೊಗೆ ಕಾರಿತು. ಅಡುಗೆಮನೆಯ ಸೂರಿನ ಮೇಲೆ ಈಗಲೂ ಒಂದು ಮಸಿಯ ಮಚ್ಚೆಯಿದೆ, ನೋಡಿ ನಗಬೇಡ.

ನನಗೆ ಧೈರ್ಯ ಕೊಡುತ್ತಿದ್ದವರು ಅಪ್ಪ ಒಬ್ಬರೇ. ಒಂದೊಂದು ಲೋಟವನ್ನೂ ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದು "ಭೇಷ್ ಮಗಳೇ, ಘಮ್ ಅಂತಿದೆ" ಅನ್ನುವರು. ನಲವತ್ತು ವರ್ಷ ಲ್ಯಾವೆಂಡರ್ ಎಣ್ಣೆ ಭಟ್ಟಿ ಇಳಿಸಿದ ಮನುಷ್ಯ, ಭಟ್ಟಿಯ ಹಬೆ ಮೂಸಿ ಹೂವು ಯಾವ ದಿಬ್ಬದ್ದೆಂದು ಹೇಳುತ್ತಿದ್ದ ಮೂಗು ಅದು. ಅಂಥ ಕುಜ್ಮಾ ಅಪ್ಪನೇ ಒಪ್ಪಿದ್ದಾರೆಂದರೆ ಚಿಕ್ಕಮ್ಮನಿಗೇ ನೆಗಡಿ ಇರಬೇಕು ಅಂದುಕೊಂಡೆ ನಾನು.

ಮಾರ್ಚ್ ಮೊದಲ ವಾರ ಒಂದು ಎಡವಟ್ಟಾಯಿತು. ಎರಕ ಹೊಯ್ಯುವಾಗ ಫೋನು ಬಂತು, ಮಾತಾಡಿ ಬಂದವಳು ಒಂದು ಲೋಟಕ್ಕೆ ಎಣ್ಣೆ ಬೆರೆಸದ ಬರೀ ಮೇಣ ಹೊಯ್ದುಬಿಟ್ಟಿದ್ದೆ. ಗೊತ್ತಾಗುವಷ್ಟರಲ್ಲಿ ಅಪ್ಪ ಅದನ್ನೇ ಕೈಗೆತ್ತಿಕೊಂಡಿದ್ದರು. ಎಂದಿನಂತೆ ಕಣ್ಣು ಮುಚ್ಚಿ ಉಸಿರೆಳೆದರು. "ಇಲ್ಲಿಯವರೆಗೆ ಮಾಡಿದ್ದರಲ್ಲೆಲ್ಲ ಇದೇ ಮೇಲು" ಅಂದರು. ಲೋಟ ಇಸಿದುಕೊಂಡು ಹಿತ್ತಿಲಿಗೆ ಹೋಗಿ ನಾನೇ ಮೂಸಿದೆ. ಅದರಲ್ಲಿ ವಾಸನೆ ಅನ್ನುವುದೇ ಇರಲಿಲ್ಲ.

ಆಮೇಲೆ ಒಂದೊಂದೇ ನೆನಪಾಗತೊಡಗಿತು. ಜನವರಿಯಲ್ಲಿ ಅಪ್ಪನಿಗೂ ನನಗೂ ಜ್ವರ ಬಂದಿತ್ತಲ್ಲ, ಅದು ಬಿಟ್ಟ ಮೇಲೆ ಅವರು ಮೀನಿನ ಸಾರಿಗೆ ಮೂರು ಮೂರು ಸಲ ಉಪ್ಪು ಹಾಕಿಕೊಳ್ಳುತ್ತಿದ್ದರು. ವೈನು ಮುಟ್ಟುತ್ತಿರಲಿಲ್ಲ, ಕೇಳಿದರೆ ಹೊಟ್ಟೆ ಸರಿಯಿಲ್ಲ ಅನ್ನುತ್ತಿದ್ದರು. ಗೆಳೆಯರು ಇಸ್ಪೀಟಿಗೆ ಕರೆದರೂ ಹೋಗುತ್ತಿರಲಿಲ್ಲ. ನಾನು ವಯಸ್ಸಾಯಿತೆಂದು ಸುಮ್ಮನಾಗಿದ್ದೆ. ಎರಡು ದಿನ ಕಳೆದು, ನಾನು ಬಟ್ಟೆ ಒಣಹಾಕಿ ಒಳಗೆ ಬಂದರೆ ಅಡುಗೆಮನೆಯ ತುಂಬ ಹಾಲು ಸೀದ ನಾತ, ಪಾತ್ರೆ ಇದ್ದಿಲಾಗಿದೆ. ಅದರ ಪಕ್ಕದಲ್ಲೇ ಅಪ್ಪ ಕನ್ನಡಕ ಹಾಕಿಕೊಂಡು ನೆಮ್ಮದಿಯಾಗಿ ಪೇಪರು ಓದುತ್ತಿದ್ದಾರೆ. ಒಲೆ ಆರಿಸಿ ಅವರ ಎದುರು ಕೂತೆ. "ಅಪ್ಪಾ, ಎಷ್ಟು ದಿನದಿಂದ?" ಅಂತ ಕೇಳಿದೆ ಅಷ್ಟೇ. ಅವರು ಪೇಪರು ಮಡಿಸಿದರು, ಮತ್ತೆ ಮಡಿಸಿದರು, ಅಂಗೈಯಷ್ಟಾಗುವವರೆಗೂ ಮಡಿಸಿದರು. "ಜ್ವರ ಬಂದಾಗಿನಿಂದ" ಅಂದರು. "ಮೂಗಿನಿಂದ ಅನ್ನ ತಿಂದವನು ಕಣಮ್ಮಾ ನಾನು. ಮೂಗೇ ಸತ್ತಿದೆ ಅಂತ ಯಾವ ಬಾಯಲ್ಲಿ ಹೇಳಲಿ? ವಿಸ್ಕೊಗೆ ತಿಳಿಸಬೇಡ, ಹಡಗು ಬಿಟ್ಟು ಓಡಿಬಂದಾನು." ಅದಕ್ಕೇ ನಿನಗೆ ತಿಳಿಸಲಿಲ್ಲ. ಕೋಪ ಮಾಡಿಕೊಂಡರೆ ಮಾಡಿಕೋ, ಅದನ್ನು ಇಬ್ಬರ ಮೇಲೂ ಸಮನಾಗಿ ಹಂಚು.

ಅವರನ್ನು ಸ್ಪ್ಲಿಟ್ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೂಗಿನ ಡಾಕ್ಟರು ನನಗಿಂತ ಚಿಕ್ಕ ಹುಡುಗಿ, ಅಪ್ಪನಿಗೆ ಅದೇ ಅವಮಾನ. ಆಕೆ ಎಲ್ಲ ನೋಡಿ, "ನರ ಸತ್ತಿಲ್ಲ ತಾತಾ, ಮಲಗಿದೆ. ದಿನಾ ಎರಡು ಹೊತ್ತು ಗಾಢವಾದ ವಾಸನೆಗಳನ್ನು ಮೂಸುತ್ತಾ ಇರಿ, ಎದ್ದರೂ ಏಳಬಹುದು. ಮಾತು ಕೊಡಲಾರೆ" ಅಂದಳು. ದಾರಿಯುದ್ದಕ್ಕೂ ದೋಣಿಯಲ್ಲಿ ಅಪ್ಪ ಗೊಣಗಿದರು: "ಮಲಗಿದೆಯಂತೆ! ಅದಕ್ಕೇನು ಗಂಟೆ ಬಾರಿಸಿ ಎಬ್ಬಿಸೋದಾ?" ಆದರೆ ನನಗೆ ಆಗಲೇ ಹಟ ಹಿಡಿದಿತ್ತು. ಲವಂಗ, ನಿಂಬೆಸಿಪ್ಪೆಗಳನ್ನು ಡಬ್ಬಿಗೆ ಹಾಕಿಕೊಟ್ಟು ದಿನಾ ಮೂಸಿಸುತ್ತೇನೆ, ಸರಿ. ಜೊತೆಗೆ ಸತ್ತವರನ್ನೂ ಎಬ್ಬಿಸುವಂಥ ಒಂದು ಮೇಣದಬತ್ತಿ ಮಾಡಿಯೇ ತೀರುತ್ತೇನೆ ಅಂದುಕೊಂಡೆ.

ಮಾರನೆಯ ದಿನ ನಾನು ಕುದಿಯುವ ಮೇಣಕ್ಕೆ ಎಣ್ಣೆ ಸುರಿಯುತ್ತಿದ್ದೆ. ಬಾಗಿಲಲ್ಲಿ ನಿಂತಿದ್ದ ಅಪ್ಪ ಕೂಗಿದರು: "ಏ ಹುಡುಗಿ, ನಿಲ್ಲಿಸು! ಅಷ್ಟು ಕಾವಿಗೆ ಹಾಕಿದರೆ ಎಣ್ಣೆ ನಿಲ್ಲುತ್ತಾ? ಹಬೆಯಾಗಿ ಸೂರಿಗೆ ಹೋಗುತ್ತೆ. ನಾನು ಜೀವಮಾನವಿಡೀ ಮಾಡಿದ್ದು ಅದೇ ಅಲ್ವಾ, ಕಾಯಿಸಿ ಹಾರಿಸೋದು! ನೀನು ಹಾರದ ಹಾಗೆ ಹಿಡಿಯಬೇಕು." ಆವತ್ತಿನಿಂದ ನಾವಿಬ್ಬರೂ ಜೊತೆಯಾದೆವು. ಮೂಗು ಮಲಗಿದ್ದರೂ ತಲೆ ಎಚ್ಚರವಾಗಿಯೇ ಇತ್ತಲ್ಲ. ಭಟ್ಟಿಯ ಹಳೇ ಥರ್ಮಾಮೀಟರು ಹುಡುಕಿ ತಂದರು. ಮೇಣ ಪೂರ್ತಿ ಕರಗಿದ ಮೇಲೆ ಒಲೆಯಿಂದ ಇಳಿಸಿ, ಕಾವು ಎಂಬತ್ತಕ್ಕೆ ಬಂದಾಗಲೇ ಎಣ್ಣೆ ಹಾಕಬೇಕು. ತೀರಾ ಆರಿದ ಮೇಲೆ ಹಾಕಿದರೂ ಅದು ಬೆರೆಯದೆ ಬೇರೆಯೇ ಕೂರುತ್ತದೆ. ನೂರು ಗ್ರಾಂ ಮೇಣಕ್ಕೆ ಎಂಟು ಗ್ರಾಂ, ಅದಕ್ಕಿಂತ ದುರಾಸೆ ಬೇಡ. ಹಾಕಿದ ಮೇಲೆ ಎರಡು ನಿಮಿಷ ನಿಧಾನಕ್ಕೆ ಕಲಕಬೇಕು. ನಾನು ಕಲಕುವಾಗ ಅವರು ಗಡಿಯಾರ ಹಿಡಿದು ನಿಲ್ಲುವರು, ಹತ್ತು ಸೆಕೆಂಡು ಮುಂಚೆ ಕೈಯೆತ್ತಿದರೂ ಬಿಡುತ್ತಿರಲಿಲ್ಲ.

ಅಷ್ಟು ಮಾಡಿದರೂ ಹಚ್ಚಿದಾಗ ವಾಸನೆ ಅಷ್ಟಕ್ಕಷ್ಟೇ. ಬತ್ತಿಯ ದೋಷ ಕಂಡುಹಿಡಿದವಳು, ಒಪ್ಪಿಕೊಳ್ಳಲೇಬೇಕು, ಪೆರಿನಾ ಚಿಕ್ಕಮ್ಮ. ಉರಿಯುವ ಲೋಟದೊಳಗೆ ಇಣುಕಿ, "ನಡುವೆ ಒಂದು ಗುಂಡಿ ಬಿದ್ದಿದೆ ಅಷ್ಟೇ, ಸುತ್ತ ಮೇಣ ಕಲ್ಲಿನ ಹಾಗೆ ಕೂತಿದೆ. ಕರಗದೆ ಇದ್ದರೆ ವಾಸನೆ ಎಲ್ಲಿಂದ ಬರಬೇಕು?" ಅಂದಳು. ದಪ್ಪ ಬತ್ತಿ ಹಾಕಿದೆವು. ಮೇಣ ಅಂಚಿನಿಂದ ಅಂಚಿಗೆ ಕೊಳದ ಹಾಗೆ ಕರಗಿತು. ಕೊನೆಯದು ಅಪ್ಪನ ಹಟ: ಆರಿದ ಕೂಡಲೇ ಹಚ್ಚಕೂಡದು. "ಆವತ್ತೇ ಇಳಿಸಿದ ಎಣ್ಣೆಯನ್ನು ಯಾರಾದರೂ ಮೂಸುತ್ತಾರಾ? ಒರಟಾಗಿರುತ್ತೆ. ಅದು ಅದರ ಪಾಡಿಗೆ ಕೂರಬೇಕು." ಮುಚ್ಚಳ ಹಾಕಿ, ನೆಲಮಾಳಿಗೆಯಲ್ಲಿ ವೈನಿನ ಪೀಪಾಯಿ ಪಕ್ಕ ಎರಡು ವಾರ ಇಟ್ಟೆವು. ನನಗೆ ಆ ಎರಡು ವಾರ ಎರಡು ವರ್ಷವಾಯಿತು. ಅಪ್ಪ ದಿನಾ ಲವಂಗ ಮೂಸಿ, ತಲೆಯಾಡಿಸಿ, ಡಬ್ಬಿ ಮುಚ್ಚಿಡುತ್ತಿದ್ದರು.

ಈ ಗುರುವಾರ ಬೆಳಿಗ್ಗೆ ಒಂದನ್ನು ತಂದು, ಹಿಂದಿನ ಸಣ್ಣ ಕೋಣೆಯಲ್ಲಿ ಹಚ್ಚಿ, ಬಾಗಿಲು ಎಳೆದುಕೊಂಡು ಬಂದೆ. ಅಪ್ಪನಿಗೆ ಹೇಳಲಿಲ್ಲ. ಅವರು ಹಿತ್ತಿಲಲ್ಲಿ ದ್ರಾಕ್ಷಿಬಳ್ಳಿ ಕಟ್ಟುತ್ತಿದ್ದರು. ಒಂದು ಗಂಟೆ ಕಳೆದಿರಬೇಕು, ಹುರಿ ಬೇಕೆಂದು ಆ ಕೋಣೆಗೆ ಹೋದರು. ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಒಳಗಿನಿಂದ ಒಂದು ಕೂಗು: "ವಿಂಕಾ! ಯಾರೇ ಇದಕ್ಕೆ ಕರ್ಪೂರ ಹಾಕಿದ್ದು?" ಚಾಕು ಹಿಡಿದೇ ಓಡಿದೆ. "ಇದು ನಮ್ಮ ಬೆಟ್ಟದ ಹೂವಲ್ಲ! ಕರ್ಪೂರ ನಾರೋ ಮಿಶ್ರ ತಳಿಯ ಲ್ಯಾವೆಂಡರ್ ಎಣ್ಣೆ ಇದು, ಅಗ್ಗದ್ದು! ಯಾವ ಕಳ್ಳ ನಿನ್ನ ತಲೆಗೆ ಕಟ್ಟಿದ?" ನಿಜ ಹೇಳಬೇಕೆಂದರೆ, ವಿಸ್ಕೊ, ನಮ್ಮ ಮನೆಯ ಎಣ್ಣೆ ನನ್ನ ಪ್ರಯೋಗಗಳಿಗೇ ಮುಗಿದುಹೋಗಿತ್ತು. ಬಂದರಿನ ಅಂಗಡಿಯಿಂದ ಗುಟ್ಟಾಗಿ ಒಂದು ಶೀಶೆ ತಂದಿದ್ದೆ, ಯಾರಿಗೂ ಹೇಳಿರಲಿಲ್ಲ. ಯಾರಿಗೂ ತಿಳಿದಿರಲೂ ಇಲ್ಲ, ಚಿಕ್ಕಮ್ಮನಿಗೆ ಕೂಡ.

ಬೈಯುತ್ತಾ ಬೈಯುತ್ತಾ ಅವರ ಮಾತು ನಡುವೆ ನಿಂತುಹೋಯಿತು. ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಮೆಲ್ಲಗೆ ಮಂಚದ ಮೇಲೆ ಕೂತು, ಎರಡೂ ಕೈಯಲ್ಲಿ ಲೋಟ ಹಿಡಿದು ಮತ್ತೆ ಬಗ್ಗಿದರು. "ಬರುತ್ತೆ... ಹೋಯ್ತು... ಇಗೋ, ಬಂತು." ನಾನು ಗೊಳೋ ಎಂದು ಅತ್ತುಬಿಟ್ಟೆ. ಅವರೂ ಅತ್ತರು, ಆದರೆ ಅದು ನನ್ನ ಈರುಳ್ಳಿಕೈಯ ದೆಸೆಯಿಂದಂತೆ, ನಿನಗೆ ಹಾಗೆಂದೇ ಬರೆಯಬೇಕಂತೆ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಮಾವನಿಂದ ಬೈಸಿಕೊಂಡು ಅಷ್ಟು ಖುಷಿಪಟ್ಟವಳು ಈ ದ್ವೀಪದಲ್ಲಿ ನಾನೊಬ್ಬಳೇ ಇರಬೇಕು.

ಪೂರ್ತಿ ವಾಸಿಯಾಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕಾಫಿ ಅವರಿಗೆ ಇನ್ನೂ ಒದ್ದೆ ಬೂದಿಯ ಹಾಗೆ ನಾರುತ್ತದಂತೆ, ಗುಲಾಬಿ ಏನೇನೂ ಬರುವುದಿಲ್ಲ. ಆದರೆ ಮೂರು ದಿನದಿಂದ ಮನೆಯಲ್ಲಿ ಅವರು ಮೂಸದ ವಸ್ತುವಿಲ್ಲ. ಆಡಿನ ಗಿಣ್ಣು, ನಿನ್ನ ಹಳೇ ಬೂಟು, ಕಬ್ಬಿಣದ ಬೀಗ, ಎಲ್ಲ ಆಯಿತು. ನಿನ್ನೆ ಪೆರಿನಾ ಚಿಕ್ಕಮ್ಮನ ತಲೆ ಮೂಸಿ, "ಬೆಳ್ಳುಳ್ಳಿ ಹಚ್ಚಿಕೊಂಡಿದ್ದೀಯಲ್ಲೇ, ಕೂದಲು ಬರುತ್ತೆ ಅಂತ ಯಾರು ಹೇಳಿದ್ದು?" ಅಂದರು. ಅವಳು ಛತ್ರಿ ಎತ್ತಿಕೊಂಡು ಅಂಗಳದ ತುಂಬ ಅಟ್ಟಾಡಿಸಿದಳು. ಸಂಜೆ ತಾವಾಗಿಯೇ ವೈನು ಬಗ್ಗಿಸಿಕೊಂಡು, ಟೋಪಿ ಹಾಕಿಕೊಂಡು ಇಸ್ಪೀಟಿಗೆ ಹೋದರು.

ಆಂಟೆಗೆ ಕಾಗದ ತಲುಪಿಸಬೇಕು, ಮುಗಿಸುತ್ತೇನೆ. ಅಪ್ಪ ನಿನ್ನ ನೆತ್ತಿ ಮುಟ್ಟಿ ಹರಸಿದ್ದಾರೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕೆಂದು ಹೇಳಿದ್ದಾರೆ. ಚಿಕ್ಕಮ್ಮ ಒಣ ಅಂಜೂರ ಕಳಿಸಿದ್ದಾಳೆ, ನಿಮ್ಮ ಅಡುಗೆಯವನಿಗೂ ಕೊಡು. ಕಡಲು ನಿನ್ನನ್ನು ತಣ್ಣಗೆ ನಡೆಸಿಕೊಳ್ಳಲಿ.

ನಿನ್ನವಳೇ,
ವಿಂಕಾ

ಮರೆತಿದ್ದೆ: ಮೇ ತಿಂಗಳಲ್ಲಿ ಹೊಸ ಕರಾರು ಮುಂದಿಡುತ್ತಾರೆ ಅಂದಿದ್ದೆಯಲ್ಲ, ಅದಕ್ಕೆ ಸಹಿ ಹಾಕಬೇಡ. ಬಂದರಿನ ವಸತಿಗೃಹದವಳು ಜೂನಿಗೆ ಇನ್ನೂರು ಮೇಣದಬತ್ತಿ ಕೇಳಿದ್ದಾಳೆ, ದೊಡ್ಡ ಪಾತ್ರೆ ಒಬ್ಬಳೇ ಎತ್ತಲಾರೆ, ಅದಕ್ಕೆ ಬಾ ಎಂದು ಬರೆಯೋಣ ಅಂದುಕೊಂಡೆ. ಅದು ನೆಪ. ಪಾತ್ರೆ ನಾನು ಎತ್ತಬಲ್ಲೆ. ನೀನು ಮನೆಯಲ್ಲಿರಬೇಕು, ಅಷ್ಟೇ. ಬಾ.