ಹನ್ನೆರಡನೇ ಅಧ್ಯಾಯಕ್ಕೆ ಮುಗಿಯದ ದುಃಖ

ಶಾಲಾ ಗ್ರಂಥಾಲಯಗಳ ಪುಸ್ತಕ ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ಹದಿಹರೆಯದ ದುಃಖ ಮತ್ತು ಪಾಪಪ್ರಜ್ಞೆಯ ಕುರಿತ 'ಹೃದಯಸ್ಪರ್ಶಿ ಕಾದಂಬರಿ' ಎಂದು ತಾವು ಮೊಹರು ಒತ್ತಿ ಕಳಿಸಿದ ಪುಸ್ತಕ ನಮ್ಮ ಮನೆಗೂ ಬಂದಿತ್ತು. ನನ್ನ ದೂರು ಇಷ್ಟೇ: ತಾವು ಅದನ್ನು ಓದಿಲ್ಲ. ಓದಿಯೂ ಆರಿಸಿದಿರಿ ಎಂದಾದರೆ ದೂರು ಇನ್ನೂ ದೊಡ್ಡದಾಗುತ್ತದೆ; ಹಾಗಾಗಿ ಓದಿಲ್ಲ ಎಂದೇ ನಂಬಿ ತಮ್ಮ ಮರ್ಯಾದೆ ಕಾಪಾಡುತ್ತಿದ್ದೇನೆ.

ಕಥೆ ನಾನೇ ಹೇಳುತ್ತೇನೆ. ನಾಯಕಿಯ ಗೆಳತಿ ಸಾಯುತ್ತಾಳೆ. ನಾಯಕಿ ಹನ್ನೊಂದು ಅಧ್ಯಾಯ ಕಿಟಕಿಯ ಪಕ್ಕ ಕೂತು ಅಳುತ್ತಾಳೆ. ಅವಳಿಗೆ ಹಸಿವಿಲ್ಲ, ನೆಗಡಿಯಿಲ್ಲ, ಪರೀಕ್ಷೆಯೂ ಇಲ್ಲ. ಹನ್ನೆರಡನೆಯದರಲ್ಲಿ ಸತ್ತವಳು ಮೊದಲೇ ಬರೆದಿಟ್ಟ ಪತ್ರ ಸಿಗುತ್ತದೆ: 'ನಿನ್ನದೇನೂ ತಪ್ಪಿಲ್ಲ.' ಮರುಪುಟದಲ್ಲಿ ಕಣ್ಣೀರು ಬಂದ್! ಇಂಥ ಅಂಚೆ ವ್ಯವಸ್ಥೆ ಯಾವ ಲೋಕದಲ್ಲಿದೆ ಸ್ವಾಮಿ?

ನಾನು ಬಟ್ಟೆ ಹೊಲಿಯುವವಳು. ನನ್ನ ಬಳಿಯೇ ಬೆಳೆದ ಅಕ್ಕನ ಮಗಳಿಗೆ ಹದಿನಾರು. ಕಳೆದ ವರ್ಷ ಅವಳ ಜೀವದ ಗೆಳತಿ ಸೈಕಲ್ ಅಪಘಾತದಲ್ಲಿ ತೀರಿಹೋದಳು. ಹಿಂದಿನ ದಿನ ಇಬ್ಬರೂ ಜಗಳವಾಡಿದ್ದರು. "ಇನ್ಮೇಲೆ ನನ್ ಮುಖ ನೋಡ್ಬೇಡ" ಅಂದಿದ್ದಳು ನಮ್ಮವಳು. ಅವಳ ಸಂಕಟ ನೋಡಲಾರದೆ ಟೀಚರು ಪಾಪ, ತಾವು ಮೊಹರು ಒತ್ತಿದ ಇದೇ ಪುಸ್ತಕ ಕೊಟ್ಟರು. ಓದಿ ಮುಗಿಸಿ ನನ್ನ ಯಂತ್ರದ ಪಕ್ಕ ಬಂದು ಕೇಳಿದಳು: "ಚಿಕ್ಕಮ್ಮ, ನಂಗ್ಯಾಕೆ ಅವಳು ಏನೂ ಬರೆದಿಡ್ಲಿಲ್ಲ?"

ಇದಕ್ಕೆ ತಮ್ಮ ಸಮಿತಿಯಲ್ಲಿ ಯಾರ ಬಳಿ ಉತ್ತರವಿದೆ? ನಾನು ಯಂತ್ರ ನಿಲ್ಲಿಸಿದೆ. "ನಡಿ, ಅವಳ ಅಮ್ಮನ್ನ ನೋಡ್ಕೊಂಡು ಬರೋಣ" ಅಂದೆ. ವರ್ಷದಿಂದ ಆ ಬೀದಿ ತಪ್ಪಿಸಿ, ಸುತ್ತುಹಾಕಿ ಶಾಲೆಗೆ ಹೋಗುತ್ತಿದ್ದವಳು ಚಪ್ಪಲಿ ಮೆಟ್ಟಿದಳು.

ಆ ತಾಯಿ ಬಟಾಣಿ ಬಿಡಿಸುತ್ತಿದ್ದರು. ನಮ್ಮವಳು ಬಾಗಿಲಲ್ಲೇ ನಿಂತು, ಆಡಿದ ಮಾತನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟಳು.

"ಅವತ್ತು ಬೆಳಿಗ್ಗೆ ನನ್ ಜೊತೆನೂ ಜಗಳ ಆಡ್ಕೊಂಡೇ ಹೋದ್ಲು ಕಣೇ" ಅಂದರು ಆಕೆ. "ನಾನೂ ಸರಿಯಾಗಿ ಬೈದಿದ್ದೆ. ಜಗಳಗಂಟಿ! ಅವಳ ಬಗ್ಗೆ ಮಾತಾಡೋಣ ಅಂದ್ರೆ ಯಾರೂ ಬರಲ್ಲ. ಇಷ್ಟ್ ದಿನ ನೀನೆಲ್ಲಿ ಹಾಳಾಗ್ಹೋಗಿದ್ದೆ?"

ನಮ್ಮವಳು ಮೊದಲು ನಕ್ಕಳು. ಆಮೇಲೆ ಅತ್ತಳು. ತಾಯಿ ಬಟಾಣಿ ತಟ್ಟೆಯನ್ನು ಅವಳ ಮುಂದಕ್ಕೆ ತಳ್ಳಿದರು. ಪಾಪಪ್ರಜ್ಞೆ ಹೋಯಿತೇ? ಇಲ್ಲ. ಆದರೆ ಅಂದಿನಿಂದ ಊಟ ಗಂಟಲಲ್ಲಿ ಇಳಿಯುತ್ತಿದೆ.

ಪುಸ್ತಕವನ್ನು ಹಿಂಪಡೆಯಿರಿ ಎನ್ನಲಾರೆ. ಅದರಿಂದಲೇ ಆ ಮನೆಗೆ ಹೋದೆವು, ಉಪ್ಪು ತಿಂದ ಋಣವಿದೆ. ನನ್ನ ಬೇಡಿಕೆ ಒಂದೇ: ಮುಂದಿನ ಆಯ್ಕೆ ಸಭೆಯಲ್ಲಿ ಹದಿನಾರರ ಒಬ್ಬಳಿಗೂ ಕುರ್ಚಿ ಹಾಕಿ. ನಮ್ಮವಳು ಬರಲು ತಯಾರಿದ್ದಾಳೆ. ಶನಿವಾರ ಮಾತ್ರ ಸಭೆ ಇಡಬೇಡಿ. ಅಂದು ಅವಳು ಆ ತಾಯಿಯ ಮನೆಯಲ್ಲಿರುತ್ತಾಳೆ.

ಇಂತಿ,
ಅಳತೆ ತೆಗೆಯದೆ ಯಾರಿಗೂ ಬಟ್ಟೆ ಹೊಲಿಯದ,
ಆ ಪುಸ್ತಕವನ್ನು ಪೂರ್ತಿ ಓದಿದ ನತದೃಷ್ಟೆ,
ಒಬ್ಬ ಚಿಕ್ಕಮ್ಮ