ದೇವರ ಹೆಸರಿನ ಎರಡು ತಾಸು

ಮೌಶೀ,

ನಾನು, ನಿನ್ನ ಅಕ್ಕನ ಮಗಳು ಸುಮಿ. ಅಕ್ಷರದ ಗುರುತು ಸಿಗದಿದ್ದರೆ ಬೈಯಬೇಡ, ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಇವತ್ತು ಗುರುವಾರ, ಮಧ್ಯಾಹ್ನ ನಾಲ್ಕು ಹೊಡೆದು ಹತ್ತು ನಿಮಿಷವಾಗಿದೆ. ಧನಕವಡಿಯ ನಮ್ಮ ಮನೆಯ ಒಳಕೋಣೆಯಲ್ಲಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದೇನೆ. ಈ ಹೊತ್ತಿನಲ್ಲಿ ಸುಮ್ಮನೆ ಮಲಗಬೇಕು ಅಂತ ಡಾಕ್ಟರರ ಅಪ್ಪಣೆ. ಮಲಗಿದರೆ ಎದೆಯ ಡವಡವ ಕಿವಿಯಲ್ಲೇ ಕೇಳುತ್ತದೆ. ಅದನ್ನು ಎಣಿಸುತ್ತೇನೆ, ಎಣಿಸಿದಷ್ಟೂ ಅದು ಓಡುತ್ತದೆ. ಅದಕ್ಕೇ ಎದ್ದು ನಿನಗೆ ಬರೆಯುತ್ತಿದ್ದೇನೆ. ನೀನು ಹೋಗಿ ಹನ್ನೆರಡು ವರ್ಷ. ಅಷ್ಟೂ ವರ್ಷ ಒಂದು ಮಾತನ್ನು ಯಾರ ಮುಂದೆಯೂ ಆಡದೆ ಇಟ್ಟುಕೊಂಡಿದ್ದೆ. ಕಳೆದ ತಿಂಗಳು ಅದನ್ನು ನಮ್ಮ ಅತ್ತೆಯ ಮುಂದೆ ಹೇಳಿಬಿಟ್ಟೆ. ನಿನಗೆ ಹೇಳುವ ಮೊದಲೇ ಅವರಿಗೆ ಗೊತ್ತಾಯಿತಲ್ಲ ಅಂತ ಅದೊಂದು ಕಳವಳ ಬೇರೆ.

ಲ್ಯಾಬ್ ಟೆಕ್ನಿಶಿಯನ್ ಕೋರ್ಸಿಗೆಂದು ಧಾರವಾಡದಿಂದ ಬಂದು ಖಡಕಿಯ ನಿಮ್ಮ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಇಳಿದೆನಲ್ಲ, ಆ ಮೊದಲ ಗುರುವಾರ ನೆನಪಿದೆಯೇ? ಎರಡು ಕೋಣೆಯ ಮನೆಯಲ್ಲಿ ಆರು ಜನ, ಮೇಲೆ ನಾನೊಬ್ಬಳು. ನೀನು ಬೆಳಗ್ಗೆ ಶಾಲೆಯಲ್ಲಿ ಕಲಿಸಿ ಬಂದು, ಮಧ್ಯಾಹ್ನದ ಅಡಿಗೆಯ ಮುಸುರೆ ತೊಳೆದು, ನಾಲ್ಕಕ್ಕೆ ಸರಿಯಾಗಿ ಕೈಕಾಲು ತೊಳೆದುಕೊಂಡು, ಚಾಪೆ ಹಿಡಿದು ಹಿಂದಿನ ಪಡಸಾಲೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ. ದೀಪ ಹಚ್ಚುವತನಕ ಮೌನ. ಗಳಿಗೆಗೊಮ್ಮೆ ‘ಏ ಪ್ರಭಾ’ ಎಂದು ಕೂಗುತ್ತಿದ್ದ ನಿನ್ನ ಅತ್ತೆಯೇ ಬಾಗಿಲ ಕಾವಲಿಗೆ ನಿಂತಿದ್ದರು. “ಶ್! ಪ್ರಭಾಂದು ವ್ರತ ನಡದದ. ಯಾರೂ ಮಾತಾಡಸಬ್ಯಾಡ್ರಿ” ಎಂದು ನನಗೂ ಬೆರಳು ತೋರಿಸಿದರು. ನಿನ್ನ ಗಂಡ ಕಾಕಾನೂ ಟಿವಿಯ ದನಿ ಇಳಿಸಿದ. ಆಹಾ, ಎಂಥ ಭಕ್ತಿಯ ಮನೆ ಅಂತ ನಾನೂ ಕೈಮುಗಿದಿದ್ದೆ.

ಆಮೇಲೊಮ್ಮೆ ಖಡಕಿ ಬಜಾರಿನಲ್ಲಿ ಕಬ್ಬಿನ ಹಾಲು ಕುಡಿಯುತ್ತ ನಿಂತಾಗ ಕೇಳಿದೆ, ಇದು ಯಾವ ದೇವರ ವ್ರತ, ಪರೀಕ್ಷೆ ಮುಗಿಯುವತನಕ ನಾನೂ ಹಿಡಿಯಲೇ ಅಂತ. ನೀನು ನಕ್ಕ ನಗೆಗೆ ಕಬ್ಬಿನ ಹಾಲು ಮೂಗಿಗೇರಿತ್ತು.

“ಯಾವ ದೇವರದೂ ಅಲ್ಲ ಹುಚ್ಚೀ. ನಾನಽ ಹುಟ್ಟಿಸಿದ್ದು. ದಣದೀನಿ ಅಂದ್ರ ‘ಅಂಥಾದ್ದೇನ್ ಕೆಲಸಾ ಮಾಡೀದಿ’ ಅಂತ ಕೇಳ್ತಾರ. ದೇವರದು ಅಂದ್ರ ತಾವಽ ಬಾಗಿಲಾ ಮುಚ್ಚಿಕೊಡ್ತಾರ. ಯಾರ ಮುಂದೂ ಬಾಯಿ ಬಿಡಬ್ಯಾಡ ಮತ್ತ.”

“ಅಲ್ಲೆ ಕೂತು ಏನ್ ಮಾಡ್ತಿ?”

“ಏನೂ ಮಾಡಂಗಿಲ್ಲ. ಅದರಾಗಽ ಮಜಾ ಇರೋದು.”

ನಾನು ಬಾಯಿ ಬಿಡಲಿಲ್ಲ, ಮೌಶೀ. ಬಿಡಬೇಕಾದ ದಿನವೂ ಬಿಡಲಿಲ್ಲ. ಅಲ್ಲಿಗೆ ಆಮೇಲೆ ಬರುತ್ತೇನೆ, ಈಗಲೇ ಬರೆಯಲು ಧೈರ್ಯವಿಲ್ಲ.

ಈಗಿನ ನನ್ನ ಬಾಳು ನೋಡಿದ್ದರೆ ನೀನು ಬೈಯುತ್ತಿದ್ದೆಯೋ ನಗುತ್ತಿದ್ದೆಯೋ. ಬೆಳಗ್ಗೆ ಐದಕ್ಕೆ ಎದ್ದು ಮೂರು ಡಬ್ಬಿ ಕಟ್ಟಿ, ಆರೂವರೆಗೆ ಸ್ಕೂಟರು ಹತ್ತಿ ಹಡಪಸರಕ್ಕೆ. ಅಲ್ಲಿ ನಮ್ಮ ಲ್ಯಾಬು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರ ಸಾಲು ಏಳಕ್ಕೇ ಬಾಗಿಲು ದಾಟಿರುತ್ತದೆ. ‘ಘಾಬರೂ ನಕಾ’, ಹೆದರಬೇಡಿ ಅಂತ ಪ್ರತಿಯೊಬ್ಬರಿಗೂ ಹೇಳುತ್ತ ಸೂಜಿ ಚುಚ್ಚುವುದು. ಹೇಳುವ ನನಗೇ ಆ ಜಾತ್ರೆಯಲ್ಲಿ ಎದೆ ಹಾರುತ್ತಿರುತ್ತದೆ. ಮೂರೂವರೆಗೆ ಮನೆ, ಮತ್ತೆ ಒಲೆ, ಮಗಳು ಮುಕ್ತಾಳ ಅಭ್ಯಾಸ, ಅತ್ತೆಯ ಮೊಣಕಾಲಿಗೆ ಎಣ್ಣೆ. ನಮ್ಮವರು ಒಳ್ಳೆಯವರೇ, ಮೊಬೈಲಿನಲ್ಲಿ ಪ್ರಾಣಾಯಾಮದ ವಿಡಿಯೋ ಕಳಿಸುತ್ತಾರೆ. ಚಪಾತಿ ಲಟ್ಟಿಸುತ್ತ ನೋಡುತ್ತೇನೆ. ಲ್ಯಾಬಿನಲ್ಲೂ ಒಮ್ಮೆ ಒತ್ತಡ ಕಡಿಮೆ ಮಾಡಿಕೊಳ್ಳುವುದು ಹೇಗೆ ಎಂದು ಭಾಷಣ ಇಟ್ಟಿದ್ದರು, ನಮ್ಮ ಊಟದ ಬಿಡುವಿನಲ್ಲಿ. ನಿಮಗಾಗಿ ದಿನಾ ಒಂದಿಷ್ಟು ಸಮಯ ತೆಗೆದಿಡಿ ಅಂದರು. ಅವತ್ತು ಊಟ ಮಾಡದೆ ಮತ್ತೆ ಕೆಲಸಕ್ಕೆ ಕೂತೆವು.

ಈ ಸಲದ ಬೇಸಿಗೆಯಲ್ಲಿ ಒಬ್ಬ ಅಜ್ಜನ ಕೈಯಲ್ಲಿ ನರ ಸಿಗದೆ ಎರಡು ಸಲ ಚುಚ್ಚಿದೆ. ನನಗೆ ಹಾಗೆ ಆಗಿದ್ದೇ ಇಲ್ಲ. ಬೆರಳು ಗಡಗಡ ನಡುಗುತ್ತಿತ್ತು. ‘ಪೋರಿ, ತೂ ಜೇವಲೀಸ್ ಕಾ?’, ಊಟ ಮಾಡಿದೆಯೇನಮ್ಮಾ ಅಂತ ಆತನೇ ನನ್ನನ್ನು ಕೇಳಿದ. ಅವತ್ತು ಮನೆಗೆ ಬಂದವಳು ನಿನ್ನ ನೆನಪು ಮಾಡಿಕೊಂಡು, ಹಿಂದೆಮುಂದೆ ನೋಡದೆ ಅತ್ತೆಗೆ ಹೇಳಿಬಿಟ್ಟೆ: ಗುರುವಾರ ನಾಲ್ಕರಿಂದ ದೀಪದ ಹೊತ್ತಿನತನಕ ಮೌನವ್ರತ ಹಿಡೀತೀನ್ರಿ.

ನೀನು ಹುಟ್ಟಿಸಿದ ವ್ರತ ನಿನಗೆ ಒಗ್ಗಿತ್ತು. ನನಗೆ ಅದೇ ಉರುಳಾಯಿತು. ಅತ್ತೆ ಹಿಗ್ಗಿ ಹೀರೇಕಾಯಿ ಆದರು. “ಎಷ್ಟ ಗುರುವಾರದ್ದು? ಉದ್ಯಾಪನಾ ಎಂದ?” ಅಂತ ಕೇಳಿದರು. ಗಾಬರಿಯಲ್ಲಿ ಹನ್ನೊಂದು ಎಂದೆ. “ಹಂಗಾರ ಉಪವಾಸನೂ ಮಾಡಬೇಕಲ್ಲಾ” ಎಂದರು. ಅದಕ್ಕೂ ಹೂಂ ಎಂದೆ. ಮರುದಿನವೇ ಬಿಲ್ಡಿಂಗಿನ ತುಂಬ ಸುದ್ದಿ ಸಾರಿದರು. ಗುರುವಾರ ಬಂತೆಂದರೆ ಮನೆ ಒರೆಸು, ನೈವೇದ್ಯಕ್ಕೆ ಹೆಸರುಬೇಳೆ ಪಾಯಸ, ವ್ರತದ ಸೊಸೆಯನ್ನು ನೋಡಲು ಬಂದವರಿಗೆ ಚಹ. ಎರಡು ತಾಸು ಸುಮ್ಮನೆ ಕೂರುವುದಕ್ಕೆ ನಾಲ್ಕು ತಾಸಿನ ಕೆಲಸ, ಅದೂ ಹಸಿದ ಹೊಟ್ಟೆಯಲ್ಲಿ. ದಿನಾ ಊರವರ ರಕ್ತ ತೆಗೆಯುವವಳು ನಾನು. ನನ್ನದನ್ನೊಮ್ಮೆ ನೋಡಿಸಬೇಕು ಎಂದು ಒಂದು ದಿನವಾದರೂ ಅನ್ನಿಸಬಾರದೇ?

ಐದನೆಯ ಗುರುವಾರ. ಅಗಳಿ ಹಾಕಿಕೊಂಡು ನೆಲದ ಮೇಲೆ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಎದೆ ಓಡಲು ಶುರುವಾಯಿತು. ಕಿವಿಯಲ್ಲಿ ಗುಂಯ್ ಅನ್ನುವ ಸದ್ದು, ಬೆರಳ ತುದಿ ತಣ್ಣಗೆ, ಕಣ್ಣ ಮುಂದೆ ಗೋಡೆ ಓಲಾಡಿತು. ಹೊರಗಿನಿಂದ ಮುಕ್ತಾ ನನ್ನನ್ನೇ ಕರೆದು, “ಆಯೀ, ನನ್ನ ಕಂಪಾಸ ಎಲ್ಲದ?” ಎಂದಳು. ಅತ್ತೆ ಅವಳನ್ನು ಸುಮ್ಮನಾಗಿಸಿದರು: “ಶ್! ವ್ರತ ನಡದದ. ದೀಪಾ ಹಚ್ಚೂತನಕಾ ಬಾಗಿಲಾ ಬಡೀಬ್ಯಾಡ.” ಅದು ಕಿವಿಗೆ ಬಿದ್ದದ್ದೇ ತಡ, ನನ್ನ ಮುಂದೆ ಖಡಕಿಯ ಪಡಸಾಲೆ ಬಂದು ನಿಂತಿತು.

ಬರೆಯುತ್ತೇನೆ, ಮೌಶೀ. ಇವತ್ತು ಬರೆದೇಬಿಡುತ್ತೇನೆ. ಅವತ್ತು ಕಾಲೇಜು ಬೇಗ ಬಿಟ್ಟಿತ್ತು. ಪುಸ್ತಕ ಇಡಲು ಹಿಂದಕ್ಕೆ ಬಂದವಳು ಪಡಸಾಲೆಯ ಬಾಗಿಲನ್ನು ತುಸು ಸರಿಸಿ ನೋಡಿದೆ. ನೀನು ಮುಂದಕ್ಕೆ ಬಾಗಿ ಕೂತಿದ್ದೆ. ಬಲಗೈಯಲ್ಲಿ ಎಡತೋಳನ್ನು ಒತ್ತಿ ಹಿಡಿದುಕೊಂಡಿದ್ದೆ. ನನ್ನನ್ನು ನೋಡಿದೆ. ಹಣೆಯ ಮೇಲೆ ಬೆವರಿತ್ತು. ನಾನು ನಕ್ಕೆ. ನಿನ್ನ ಗುಟ್ಟು ನನ್ನ ಹತ್ತಿರ ಭದ್ರ ಅನ್ನುವ ಹಾಗೆ ತುಟಿಯ ಮೇಲೆ ಬೆರಳಿಟ್ಟುಕೊಂಡೆ. ಬಾಗಿಲನ್ನು ಮೊದಲಿಗಿಂತ ಗಟ್ಟಿಯಾಗಿ ಎಳೆದುಕೊಂಡು ಹೊರಟುಹೋದೆ. ದೀಪ ಹಚ್ಚುವ ಹೊತ್ತಿಗೆ ನಿನ್ನ ಅತ್ತೆ ಕೂಗಿದಾಗ ನೀನು ಗೋಡೆಗೆ ಒರಗಿದ್ದೆ. ಆಸ್ಪತ್ರೆ ಮುಟ್ಟುವುದರೊಳಗೆ…

‘ಪುಣ್ಯವಂತಿ, ವ್ರತದಾಗ ಕೂತಾಗನಽ ಹೋದ್ಲು’ ಅಂತ ಹದಿಮೂರು ದಿನವೂ ಜನ ಹೇಳಿದರು. ಅದು ವ್ರತವಲ್ಲ, ಆ ಮೌನ ಮುರಿಯಬಹುದಾಗಿತ್ತು, ಹಾಗಂತ ಗೊತ್ತಿದ್ದವಳು ಇಡೀ ಮನೆಯಲ್ಲಿ ನಾನೊಬ್ಬಳೇ. ಅವತ್ತು ನೀನು ನನ್ನನ್ನು ಕರೆಯಬೇಕೆಂದು ನೋಡಿದೆಯಾ? ಅಥವಾ ಹೋಗು ಅಂತಲೇ ನೋಡಿದೆಯಾ? ನೀನಾದರೂ ಬಾಯಿ ಬಿಟ್ಟು ‘ಸುಮೀ’ ಅನ್ನಬಾರದಿತ್ತೇ? ನಿನ್ನ ಮೇಲೆ ನನಗೆ ಸಿಟ್ಟೂ ಇದೆ, ಗೊತ್ತಾ. ನನ್ನ ಮೇಲಿರುವಷ್ಟಲ್ಲ.

ಐದನೆಯ ಗುರುವಾರ ಒಳಗೆ ನೆಲದ ಮೇಲೆ ಕೂತ ನನಗೆ ಒಂದೇ ಲೆಕ್ಕ: ದೀಪ ಹಚ್ಚಲು ಇನ್ನೂ ಒಂದೂವರೆ ತಾಸಿದೆ. ಗೋಡೆ ಹಿಡಿದು ಎದ್ದೆ. ಅಗಳಿ ತೆಗೆದು, “ಅತ್ತೀ, ನನಗ ಭಾಳ ಅಂಜಿಕಿ ಆಗ್ಲಿಕ್ಕತ್ತದರಿ” ಎಂದೆ.

“ಅಯ್ಯ! ಮೌನ ಮುರದ್ಯಲ್ಲಾ!” ಅಂದವರು ನನ್ನ ಮೋರೆ ನೋಡಿ ಕೈ ಹಿಡಿದುಕೊಂಡರು.

“ವ್ರತಾ ಇಲ್ಲರಿ. ಸುಳ್ಳರಿ ಅದು. ನನಗ ದಣಿವಾಗೇದರಿ” ಎಂದೆ. ಅಲ್ಲೇ ಹೊಸ್ತಿಲ ಮೇಲೆ ಕುಸಿದು ನಿನ್ನ ಕಥೆಯನ್ನೂ ಹೇಳಿದೆ, ತುಟಿಯ ಮೇಲೆ ಇಟ್ಟ ಬೆರಳಿನತನಕ. ಮುಕ್ತಾ ಕಣ್ಣು ಬಿಟ್ಟುಕೊಂಡು ನಿಂತಿದ್ದಳು. ಅತ್ತೆ ಬೆಲ್ಲದ ನೀರು ಕುಡಿಸಿ ರಿಕ್ಷಾ ಕರೆಸಿದರು.

ಹೃದಯಕ್ಕೆ ಏನೂ ಆಗಿಲ್ಲವಂತೆ, ಮೌಶೀ. ರಕ್ತ ಕಡಿಮೆ, ನಿದ್ದೆ ಕಡಿಮೆ, ಅಂಜಿಕೆ ಹೆಚ್ಚು. ನಮ್ಮ ಲ್ಯಾಬಿನಲ್ಲೇ ನನ್ನ ರಕ್ತ ತೆಗೆದರು. ಹಿಮೋಗ್ಲೋಬಿನ್ ಏಳು ಅಂತ ಬಂತು. ಬೇರೆಯವರ ಕಾಗದದಲ್ಲಿ ಆ ಅಂಕಿ ಕಂಡಿದ್ದರೆ ಅವತ್ತೇ ಫೋನ್ ಮಾಡಿ ಎಬ್ಬಿಸುತ್ತಿದ್ದೆ. ಕಬ್ಬಿಣದ ಗುಳಿಗೆ, ಹೊತ್ತಿಗೆ ಊಟ, ಉಪವಾಸ ಬಂದ್, ದಿನಾ ಮಧ್ಯಾಹ್ನ ಒಂದು ತಾಸು ಮಲಗುವುದು. ಸಂಜೆಯ ಚಪಾತಿ ಈಗ ನಮ್ಮವರ ಪಾಲಿಗೆ ಬಂದಿದೆ. ನಕ್ಷೆಯ ಹಾಗೆ ಆಗುತ್ತವೆ, ತಿನ್ನುತ್ತೇವೆ. ಆದರೂ ನನಗೆ ಪೂರ್ತಿ ನಂಬಿಕೆ ಬರಲೊಲ್ಲದು. ಡಾಕ್ಟರು ಏನನ್ನೋ ಬಿಟ್ಟಿದ್ದರೆ? ಸ್ಕೂಟರಿನ ಮೇಲೆ ಮುಕ್ತಾ ಹಿಂದೆ ಕೂತಾಗಲೇ ಹಾಗಾದರೆ?

ಅತ್ತೆ ಮಾತ್ರ ಎರಡು ದಿನ ಮೋರೆ ಗಂಟು ಹಾಕಿಕೊಂಡಿದ್ದರು. “ದೇವರ ಹೆಸರಲೆ ಸುಳ್ಳ ಹೇಳೀದಿ. ನಾ ಅಷ್ಟ ಕೆಟ್ಟಾಕೀ ಏನ? ದಣದೀನ್ರಿ ಅಂದಿದ್ರ ಮಲಕೊಬ್ಯಾಡ ಅಂತಿದ್ನೇನ?” ಮೂರನೆಯ ದಿನ ಮೆಂತ್ಯದ ಸೊಪ್ಪು ಸೋಸುತ್ತ ತಾವೇ ಅಂದರು: “ಅಂತಿದ್ದೆ ಬಿಡು. ನನ್ನ ಕಾಲಕ್ಕ ನನಗ್ಯಾರು ಮಲಕೋ ಅಂದಿದ್ರು?”

ಈಗ ಬಾಗಿಲಿಗೆ ಅಗಳಿ ಇಲ್ಲ. ಹಾಕಲು ಅವರೇ ಬಿಡುವುದಿಲ್ಲ. ನಿನ್ನ ಕಥೆ ಕೇಳಿದಾಗಿನಿಂದ ಹತ್ತು ನಿಮಿಷಕ್ಕೊಮ್ಮೆ ಇಣುಕುತ್ತಾರೆ. “ಅದೀಯಲ್ಲಾ?” “ಅದೀನ್ರಿ.” ಇದರಲ್ಲಿ ನಿದ್ದೆ ಎಲ್ಲಿಂದ ಬರಬೇಕು, ನೀನೇ ಹೇಳು. ಮುಕ್ತಾಳಿಗೂ ಹೇಳಿಟ್ಟಿದ್ದೇನೆ, ಮನೆಯಲ್ಲಿ ಯಾರೇ ಸುಮ್ಮನೆ ಕೂತಿರಲಿ, ಹತ್ತಿರ ಹೋಗಿ ಕೇಳು, ಬೈದರೆ ಬೈಸಿಕೋ ಅಂತ. ಇದು ನಾನು ನಿನಗೆ ಕೊಡುವ ಮಾತೂ ಹೌದು. ಇನ್ನು ಮೇಲೆ ಯಾರ ಮೌನಕ್ಕೂ ನಾನು ಬಾಗಿಲು ಎಳೆದುಕೊಡುವುದಿಲ್ಲ. ಕೇಳುತ್ತೇನೆ. ನನಗೆ ಏನಾದರೂ ಆದರೆ ಕೂಗುತ್ತೇನೆ.

ಒಂದೇ ಒಂದು ಉಳಿದಿತ್ತು. ಬಿಲ್ಡಿಂಗಿನವರಿಗೆ ಏನು ಹೇಳುವುದು? ಅತ್ತೆಗೆ ಆ ಅವಮಾನ ತಡೆಯಲಾಗದು. ಹೋದ ವಾರ, ಅದರ ಹಿಂದಿನ ವಾರ, ಯಾರೇ ಬಂದರೂ ವ್ರತ ನಡೆದಿದೆ ಅಂತಲೇ ಹೇಳಿ ಕಳಿಸಿದ್ದರು. ಒಳಗೆ ಮಲಗಿ ಅದನ್ನು ಕೇಳಿದಾಗಲೆಲ್ಲ ನನ್ನ ಎದೆ ಮತ್ತೆ ಓಡುತ್ತಿತ್ತು. ಮತ್ತೆ ಅದೇ ಬಾಗಿಲು, ಅದೇ ಸುಳ್ಳು ಅಂತ.

ತಡಿ, ಕರೆಗಂಟೆ ಸದ್ದಾಯಿತು. ಮೇಲಿನ ಮನೆಯ ಹೆಂಗಸಿನ, ನಾವೆಲ್ಲ ಕಾಕೂ ಅನ್ನುವವಳ, ದನಿ. ‘ಸುಮನ್ ಕುಠೆ? ವ್ರತಾತ್ ಆಹೆ ಕಾ?’ ಅಂತ ಕೇಳುತ್ತಿದ್ದಾಳೆ, ನಾನೆಲ್ಲಿ, ವ್ರತದಲ್ಲಿದ್ದೇನೇನು ಅಂತ. ನಾನು ಪೆನ್ನು ನಿಲ್ಲಿಸಿ ಕಿವಿಗೊಟ್ಟೆ.

ಈಗ ಹೇಳಿದರು, ಮೌಶೀ. ‘ನಾಹೀ. ಝೋಪಲೀ ಆಹೆ.’ ಇಲ್ಲ, ಮಲಗಿದ್ದಾಳೆ. ‘ಆಜಾರೀ ಆಹೆ ಕಾ?’ ಹುಷಾರಿಲ್ಲವೇನು ಎಂದಳು ಕಾಕೂ. ನಮ್ಮ ಅತ್ತೆ, ಹೊರಬಾಗಿಲಲ್ಲಿ ನಿಂತು, ಇಡೀ ಮೆಟ್ಟಿಲಸಾಲಿಗೆ ಕೇಳುವ ಹಾಗೆ ಹೇಳಿದರು: ‘ನಾಹೀ ಹೋ. ನುಸತೀ ದಮಲೀ ಆಹೆ.’

ಏನೂ ಇಲ್ಲ, ಬರೀ ದಣಿದಿದ್ದಾಳೆ. ಅಷ್ಟೇ ಅಂದರು, ಮೌಶೀ. ಯಾವ ದೇವರ ಹೆಸರನ್ನೂ ತೆಗೆಯಲಿಲ್ಲ.

ನಿನ್ನ ಸುಮಿ