ಬಸ್ಸಿನ ದನಿ

ಹಿರೊಸಾಕಿ
೬ ನವೆಂಬರ್ ೧೯೯೮

ಪ್ರೀತಿಯ ಚಿನಾತ್ಸು,

ಕಾಗದದಲ್ಲಿ ಮೊದಲು ಹವೆಯ ಸಮಾಚಾರ ಹೇಳಬೇಕೆಂಬುದು ನಮ್ಮ ಪದ್ಧತಿ. ಹಿಮ ಇನ್ನೂ ಬಿದ್ದಿಲ್ಲ, ಸೇಬಿನ ಕೊಯ್ಲು ನಡೆದಿದೆ. ಅಷ್ಟು ಸಾಕು. ವಿಷಯಕ್ಕೆ ಬರುತ್ತೇನೆ, ತಡಮಾಡಿದರೆ ಧೈರ್ಯ ಜಾರಿಬಿಡುತ್ತದೆ.

ನಾನು ಒಸಾಕಾಗೆ ಬರುವುದಿಲ್ಲ.

ಹೋದ ವಾರ ನೀನು ಫೋನಿನಲ್ಲಿ, "ಅಮ್ಮಾ, ಇವರ ಹಲ್ಲಿನ ಆಸ್ಪತ್ರೆ ಜನವರಿಗೆ ಶುರು. ಬಂದವರನ್ನ ಮಾತಾಡಿಸೋಕೆ ಮುಂಬಾಗಿಲ ಮೇಜಿಗೆ ನೀನೇ ಬಂದು ಕೂತ್ಕೋ. ನಿನ್ನ ದನಿ ಕೇಳಿದ್ರೆ ಅರ್ಧ ನೋವು ಅಲ್ಲೇ ಹೋಗುತ್ತೆ" ಎಂದೆ. ನಾನು "ಖಂಡಿತ ಬರ್ತೀನಿ, ಬಹಳ ಸಂತೋಷ" ಎಂದೆ. ಅಳಿಯಂದಿರಿಗೂ ಹೇಳಿಬಿಟ್ಟಿರುತ್ತೀಯ, ಮೇಲಿನ ಕೋಣೆಗೆ ಹೊಸ ಪರದೆಯನ್ನೂ ತಂದಿರುತ್ತೀಯ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಆ ಸಂತೋಷ ನನ್ನದಾಗಿರಲಿಲ್ಲ, ಬಸ್ಸಿನ ದನಿಯದು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಮಾತು ಕಿವಿಗೆ ಬಿದ್ದ ಕೂಡಲೇ ಅದು ಮತ್ತೆ ಏರಿಬಿಡುತ್ತದೆ. ಅದಕ್ಕೇ ಈ ಕಾಗದ.

ಪ್ರವಾಸಿ ಬಸ್ಸಿನಲ್ಲಿ ಗೈಡ್ ಆಗಿ ಸೇರಿದಾಗ ನಮಗೆ ಮೊದಲು ಕಲಿಸಿದ್ದೇ ದನಿ ಏರಿಸುವುದು. ಹುಬ್ಬು ಮೇಲೆ, ನಗು ಮೇಲೆ, ದನಿ ಅದಕ್ಕಿಂತ ಮೇಲೆ. ಜ್ವರ ಬಂದಿದ್ದರೂ ನಗುತ್ತಲೇ ಎಡಗಡೆಯ ಸರೋವರ ತೋರಿಸಬೇಕು. ಕೆಲಸ ಬಿಟ್ಟ ಮೇಲೂ ಅದು ಇಳಿಯಲಿಲ್ಲ. ನಿನ್ನ ಅಪ್ಪ ತೀರಿಕೊಂಡಾಗ ಬಂದವರಿಗೆಲ್ಲ ಅದೇ ದನಿಯಲ್ಲಿ ಉಪಚಾರ ಹೇಳಿ ಚಹಾ ಕೊಟ್ಟೆ. ಎಂಥ ಗಟ್ಟಿಗಿತ್ತಿ ಎಂದರು. ಎಲ್ಲರನ್ನೂ ಆಚೆಗೆ ಕಳಿಸಿ ಬಾಗಿಲು ಹಾಕಿಕೊಳ್ಳಬೇಕು ಅನ್ನಿಸುತ್ತಿತ್ತು ನನಗೆ.

ಈ ವಸಂತದಲ್ಲಿ ಪಕ್ಕದ ಮನೆಯ ತೊಕಿಯೆ ನನ್ನನ್ನು ಸಮುದಾಯ ಭವನಕ್ಕೆ ಎಳೆದುಕೊಂಡು ಹೋದಳು. "ಟೀವಿ ಜೊತೆ ಮಾತಾಡ್ತಾ ಕೂರೋ ಬದಲು ಬಾರೇ, ಜನಪದ ಹಾಡು ಕಲಿಯೋಣ. ಹಾಡು ಬರ್ದೇ ಇದ್ರೂ ಅಲ್ಲಿ ಉಪ್ಪಿನಕಾಯಿ ಚೆನ್ನಾಗಿರುತ್ತೆ." ಅಲ್ಲಿ ಒಬ್ಬೊಬ್ಬರಾಗಿ ಎದ್ದು ಹಾಡಬೇಕು, ಉಳಿದವರು ಚಪ್ಪಾಳೆ ತಟ್ಟಿ ನಡುನಡುವೆ ಕೂಗಿ ಹುರಿದುಂಬಿಸಬೇಕು. ನನ್ನ ಸರದಿ ಬಂತು. ಎರಡನೆಯ ಸಾಲಿಗೆ ನನ್ನ ಕೈ ತಾನಾಗಿಯೇ ಎದ್ದು, ಅಂಗೈ ಬಿಚ್ಚಿ, ಕಿಟಕಿಯ ಕಡೆಗೆ ಚಾಚಿಕೊಂಡಿತು. ಚಪ್ಪಾಳೆ ನಿಂತಿತು. ಎಲ್ಲರೂ ಕತ್ತು ತಿರುಗಿಸಿ ಆಚೆ ನೋಡಿದರು. ಅಲ್ಲೇನಿದೆ ಮಣ್ಣು, ಸೈಕಲ್ ನಿಲ್ಲಿಸುವ ಜಾಗ. ತೊಕಿಯೆ ನಕ್ಕು ನಕ್ಕು ಚಹಾ ಚೆಲ್ಲಿಕೊಂಡಳು.

ಶಾಮಿಸೆನ್ ತಂತಿವಾದ್ಯ ನುಡಿಸುತ್ತ ಹಾಡು ಕಲಿಸುವ ಕುದೊ ಮೇಡಂ ಮಾತ್ರ ನಗಲಿಲ್ಲ. "ಚಂದ ಇದೆ ಸುಮಿಯೆಯವರೇ. ಆದ್ರೆ ಯಾರಿಗೋ ಏನೋ ಮಾರ್ತಾ ಇದ್ದ ಹಾಗಿದೆ. ಬೇಜಾರಿದ್ರೆ ಬೇಜಾರಲ್ಲೇ ಹಾಡಿ, ಇಲ್ಯಾರೂ ಟಿಕೆಟ್ ತಗೊಂಡು ಬಂದಿಲ್ಲ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದು ಸ್ನಾನದ ತೊಟ್ಟಿಯಲ್ಲಿ ಕೂತು ಆ ಸಿಟ್ಟಿನಲ್ಲೇ ಹಾಡಿದೆ. ಗೋಡೆಗೆ ಬಡಿದು ವಾಪಸ್ಸು ಬಂದದ್ದು ಒರಟು ದನಿ, ಗಂಡಸಿನದರಷ್ಟು ದಪ್ಪ. ಬೆಚ್ಚಿಬಿದ್ದೆ. ಆಮೇಲೆ ಬಿಸಿನೀರು ಆರುವವರೆಗೆ ಮನಸಾರೆ ಅತ್ತುಬಿಟ್ಟೆ.

ಈಗ ಆ ದನಿಯಲ್ಲೇ ಹಾಡುತ್ತೇನೆ. ಅಂಗಡಿಯಲ್ಲಿ ಮೀನು ಹಳಸಲಾಗಿದ್ದರೆ ಹಳಸಲು ಎನ್ನುತ್ತೇನೆ. ಒಳ್ಳೆಯ ನಿದ್ದೆ ಬರುತ್ತಿದೆ. "ಮೊದಲಿನ ಸುಮಿಯೆನೇ ವಾಸಿ ಇದ್ಲು, ನಾನು ಮಾಡಿದ್ದನ್ನೆಲ್ಲ ರುಚಿಯಾಗಿದೆ ಅಂತಿದ್ಲು" ಎಂದು ತೊಕಿಯೆ ಗೊಣಗುತ್ತಾಳೆ. ಗೊಣಗಿಕೊಂಡೇ ಮಾರನೆಯ ದಿನ ಮತ್ತೆ ಬರುತ್ತಾಳೆ.

ಆ ಮೇಜಿನ ಹಿಂದೆ ಕೂತರೆ ನಾಲ್ಕು ದಿನದಲ್ಲಿ ಹಳೆಯ ದನಿ ಮತ್ತೆ ನನ್ನ ಮೇಲೇರಿ ಕೂರುತ್ತದೆ. ಇಳಿಸುವಷ್ಟು ಆಯಸ್ಸು ನನಗೆ ಉಳಿದಿಲ್ಲ. ನಿನಗೆ ಕೋಪ ಬರುತ್ತದೆ, ಬರಲಿ. ಅಳಿಯಂದಿರ ಮುಂದೆ ನಿನ್ನ ಮಾತು ಹೋಗುತ್ತದೆ, ಅದಕ್ಕೆ ಮಾತ್ರ ನನಗೆ ಸಂಕಟವಿದೆ. ಬೇರೆಯವರನ್ನು ಹುಡುಕಿಕೊಳ್ಳಲು ಸಮಯ ಇರಲೆಂದು ಈಗಲೇ ಬರೆದೆ. ನಿನ್ನನ್ನು ನೋಡುವ ಆಸೆ ಬಹಳ ಇದೆ. ನೆಂಟಳಾಗಿ ಬರುತ್ತೇನೆ, ನಿನ್ನ ಅಡುಗೆ ಹೇಗಿದೆಯೋ ಹಾಗೇ ಹೇಳುತ್ತೇನೆ.

ನಿನ್ನ ಅಮ್ಮ,
ಸುಮಿಯೆ

ತಾ. ಕ.: ಈ ಕಾಗದ ಮಡಚುತ್ತಿದ್ದಾಗ ಫೋನ್ ಬಂತು. ಎತ್ತಿಕೊಂಡು ಆ ದಪ್ಪ ದನಿಯಲ್ಲೇ "ಯಾರು?" ಎಂದೆ. ನೀನು "ಕ್ಷಮಿಸಿ, ತಪ್ಪು ನಂಬರ್ ಆಯ್ತು" ಎಂದು ಇಟ್ಟುಬಿಟ್ಟೆ. ನಂಬರ್ ಸರಿಯಾಗೇ ಇತ್ತು ಕಣೇ. ನಾನೇ ಅದು. ಮತ್ತೆ ಮಾಡು.